ಒಣಗುವ ಎಣ್ಣೆ

ಹೋದ ತಿಂಗಳು ಲಕ್ಷ್ಮೇಶ್ವರಕ್ಕೆ ಹೋಗಿದ್ದೆ. ಸೋದರಳಿಯನ ಮಗುವಿಗೆ ತೊಟ್ಟಿಲು. ಊಟ ಮುಗಿಸಿ ಬಸ್ ನಿಲ್ದಾಣದ ಕಡೆ ನಡೆದು ಬರುತ್ತಿದ್ದಾಗ ಮಳೆ ಹಿಡಿಯಿತು. ಕೊಡೆ ತಂದಿರಲಿಲ್ಲ. ಓಣಿಯ ತಿರುವಿನಲ್ಲಿ ಕಂಡ ತಗಡಿನ ಚಪ್ಪರದ ಕೆಳಗೆ ನುಗ್ಗಿ ನಿಂತೆ. ನಿಂತ ಮೇಲೆ ಗೊತ್ತಾಯಿತು, ಅದು ಗಾಣದ ಮನೆ. ಒಳಗೆ ಯಂತ್ರ ಗುರ್ ಎನ್ನುತ್ತಿತ್ತು. ಕುಸುಬಿ ಅರೆಯುತ್ತಿದ್ದರು. ಬಿಸಿ ಕಾಳಿನ ಆ ವಾಸನೆ, ಅದರೊಳಗೆ ಎಲ್ಲೋ ಸ್ವಲ್ಪ ಹಸಿ ಹುಲ್ಲಿನ ಘಾಟು, ಮೂಗಿಗೆ ಬಡಿದಿದ್ದೇ ತಡ ನನ್ನ ಕೈಬೆರಳು ತಾವಾಗಿ ಒಂದನ್ನೊಂದು ಉಜ್ಜಿಕೊಳ್ಳತೊಡಗಿದವು. ಅಂಟಿದ್ದೇನನ್ನೋ ಬಿಡಿಸಿಕೊಳ್ಳುವವರ ಹಾಗೆ.

"ಒಳಗ ಬರ್ರಿ ಯಜಮಾನ್ರ, ಯಾಕ ತೋಯಿಸ್ಕೊಂತೀರಿ?" ಎಂದ ಗಾಣದವನು. "ತಾಜಾ ಎಣ್ಣಿ ಐತಿ. ಒಂದ್ ಬಾಟ್ಲಿ ತುಂಬ್ಲೇನು?"

"ಬ್ಯಾಡ" ಎಂದೆ. ಅಷ್ಟು ಗಟ್ಟಿಯಾಗಿ ಹೇಳಬೇಕಾಗಿರಲಿಲ್ಲ. ಅವನು ಪಾಪ, ನನ್ನ ಮುಖವನ್ನೇ ನೋಡಿದ. ನಾನು ಮಳೆಯಲ್ಲೇ ಇಳಿದು ನಡೆದೆ. ಬಸ್ಸಿನಲ್ಲಿ ಕೂತಾಗ ಬನಿಯನ್ನಿನ ತನಕ ತೊಯ್ದಿದ್ದೆ. ಪಕ್ಕದಲ್ಲಿ ಕೂತಿದ್ದ ಹೆಣ್ಣುಮಗಳು ಸೆರಗು ಎಳೆದುಕೊಂಡು ಆ ಕಡೆ ಸರಿದಳು.

ನಾನು ಬಂದೂಕಿನ ಮಿಸ್ತ್ರಿ. ಊರು ಹರ್ತಿ. ಸೈನ್ಯದಲ್ಲಿ ಇಪ್ಪತ್ತೆರಡು ವರ್ಷ ಇದ್ದೆ ಎಂದರೆ ಜನ ಗಡಿ, ಗುಂಡು ಎಂದೆಲ್ಲ ಕಲ್ಪಿಸಿಕೊಳ್ಳುತ್ತಾರೆ. ನಾನು ಮಾಡಿದ್ದು ಬೇರೆಯವರು ಹೊಡೆದು ತಂದ ಬಂದೂಕುಗಳನ್ನು ಒರೆಸಿ, ಬಿಚ್ಚಿ, ಎಣ್ಣೆ ಹಾಕಿ ಮತ್ತೆ ಜೋಡಿಸುವ ಕೆಲಸ. ಪಿಂಚಣಿ ಬಂದ ಮೇಲೆ ಬೆಟಗೇರಿಯಲ್ಲಿ ನೇಕಾರರ ಓಣಿಯೊಂದರಲ್ಲಿ ಮನೆ ಮಾಡಿ, ಗದಗಿನಲ್ಲಿ ಲೈಸೆನ್ಸ್ ಇದ್ದ ಒಂದು ಬಂದೂಕಿನ ಅಂಗಡಿಗೆ ಸೇರಿಕೊಂಡೆ. ಅಂಗಡಿ ಈಗ ಇಲ್ಲ. ಅದರ ಮಾಲೀಕರಾಗಿದ್ದ ಸಾಹುಕಾರರೂ ಇಲ್ಲ. ಹಾಗಾಗಿ ಇದನ್ನು ಬರೆಯುವುದರಿಂದ ನಷ್ಟವಾಗುವುದಿದ್ದರೆ ನನಗೊಬ್ಬನಿಗೇ.

ನಮ್ಮ ಕಡೆ ಬಂದೂಕು ಎಂದರೆ ಬೆಳೆ ಕಾಯಲು ಲೈಸೆನ್ಸ್ ತೆಗೆದುಕೊಂಡ ಒಂಟಿ ನಳಿಗೆಯದು. ಅಜ್ಜನಿಂದ ಅಪ್ಪನಿಗೆ, ಅಪ್ಪನಿಂದ ಮಗನಿಗೆ ಬಂದದ್ದು. ವರ್ಷದಲ್ಲಿ ನಾಲ್ಕು ಸಲ ಕಾಡಹಂದಿಯನ್ನು ಹೆದರಿಸಲು ಆಕಾಶಕ್ಕೆ ಹೊಡೆಯುತ್ತಾರೆ. ಉಳಿದ ದಿನ ಅದು ಗೂಟಕ್ಕೆ ನೇತಾಡುತ್ತದೆ. ಮಾನೌಮಿಯ ಆಯುಧಪೂಜೆಗೆ ಮಾತ್ರ ಕೆಳಗಿಳಿದು ದೇವರ ಜಗಲಿಯ ಮೇಲೆ ಕೂರುತ್ತದೆ. ವಿಭೂತಿ, ಕುಂಕುಮ, ಹೂವು, ಕಾಯಿ ಒಡೆದ ನೀರು ಎಲ್ಲ ಅದರ ಮೈಮೇಲೆ. ಹಬ್ಬ ಮುಗಿದ ವಾರಕ್ಕೆ ಅಂಗಡಿಗೆ ಬರುವ ಬಂದೂಕುಗಳನ್ನು ನೋಡಿದರೆ ನನಗೆ ಸಿಟ್ಟು ನೆತ್ತಿಗೇರುತ್ತಿತ್ತು. ಕುಂಕುಮ ಬಿದ್ದಲ್ಲಿ ಸರಿಯಾಗಿ ಬೊಟ್ಟಿನಗಲ ತುಕ್ಕು.

ಎಣ್ಣೆಯ ವಿಷಯದಲ್ಲಿ ನಾನು ಹುಚ್ಚ ಎಂದೇ ಹೆಸರಾಗಿದ್ದೆ. ಬಂದವರನ್ನೆಲ್ಲ ಮೊದಲು ಕೇಳುತ್ತಿದ್ದುದು ಒಂದೇ, "ಏನ್ ಹಚ್ಚೀರಿ ಇದಕ್ಕ?" ಒಬ್ಬ ಕೊಬ್ಬರಿ ಎಣ್ಣೆ ಎನ್ನುತ್ತಿದ್ದ. ದೀಪಾವಳಿಯ ಚಳಿಗೆ ತಲೆಗೆ ಹಚ್ಚುವ ಬಾಟಲಿಯಲ್ಲೇ ಗಟ್ಟಿಯಾಗುವ ಎಣ್ಣೆ, ಬಂದೂಕಿನ ಹೊಟ್ಟೆಯಲ್ಲಿ ಇನ್ನೇನಾದೀತು? ಇನ್ನೊಬ್ಬ ಟ್ರ್ಯಾಕ್ಟರಿನಿಂದ ಇಳಿಸಿದ ಕರಿ ಎಣ್ಣೆ ಬಳಿದಿರುತ್ತಿದ್ದ. ಅದರಲ್ಲಿ ಸುಟ್ಟ ಕಸವಿರುತ್ತದೆ, ಕಬ್ಬಿಣವನ್ನು ಕಾಯುವ ಬದಲು ತಿನ್ನುತ್ತದೆ. ನಮ್ಮ ಓಣಿಯ ನೇಕಾರರು ಮಗ್ಗಕ್ಕೆ ಹಾಕುವ ತೆಳು ಎಣ್ಣೆ ಕೆಟ್ಟದ್ದಲ್ಲ, ಆದರೆ ನಾಲ್ಕು ದಿನದಲ್ಲಿ ಹರಿದುಹೋಗಿ ಮೈ ಬರಿದಾಗುತ್ತದೆ. ಸ್ಪ್ರೇ ಡಬ್ಬಿ ನೀರನ್ನು ಓಡಿಸುತ್ತದೆ, ತಾನೂ ಓಡುತ್ತದೆ. ಮೂರು ತಿಂಗಳು ಎತ್ತಿಡುವ ಬಂದೂಕಿಗೆ ಹೊರಮೈಗೆ ದಪ್ಪ ಎಣ್ಣೆ, ಒಳಗಿನ ಚಲಿಸುವ ಭಾಗಕ್ಕೆ ಬಂದೂಕಿನದೇ ಎಣ್ಣೆ, ಅದೂ ಒಂದೇ ಹನಿ. ಹೊಡೆಯುವ ಮೊದಲು ನಳಿಗೆ ಒಣಗಿರಬೇಕು. ಇದನ್ನು ನಾನು ಎಷ್ಟು ಸಲ ಹೇಳಿದ್ದೇನೆಂದರೆ ಸಾಹುಕಾರರು ಹಣೆ ಹಣೆ ಬಡಿದುಕೊಳ್ಳುತ್ತಿದ್ದರು. "ಮಿಸ್ತ್ರಿ, ಗಿರಾಕಿ ಬಂದೂಕ ತಂದಾನ, ಪರೀಕ್ಷಾ ಬರಿಯಾಕ ಬಂದಿಲ್ಲ."

ಎಲ್ಲಕ್ಕಿಂತ ಮೇಲೆ ಒಂದು ಮಾತು ಹೇಳುತ್ತಿದ್ದೆ. ನನಗೆ ಕೆಲಸ ಕಲಿಸಿದ ಹವಾಲ್ದಾರರು ನನ್ನ ಕಿವಿ ಹಿಂಡಿ ಹೇಳಿಕೊಟ್ಟ ಮಾತು. ಎಣ್ಣೆಯಲ್ಲಿ ಎರಡೇ ಜಾತಿ. ಒಣಗುವುದು, ಒಣಗದೇ ಇರುವುದು. ಅಗಸೆ ಎಣ್ಣೆಯನ್ನು ಬಂದೂಕಿನ ಮರದ ಹಿಡಿಗೆ ಹಚ್ಚುವುದೇ ಅದು ಒಣಗುತ್ತದೆ ಎಂಬ ಕಾರಣಕ್ಕೆ. ಒಣಗಿ ಗಾಜಿನ ಪರೆಯಂತೆ ಕೂರುತ್ತದೆ. ಅದೇ ಎಣ್ಣೆ ಕಬ್ಬಿಣದ ಸಂದಿಗೆ ಹೋದರೆ ಅಂಟಿನ ಕೆಲಸ ಮಾಡುತ್ತದೆ. ಕುಸುಬಿ ಎಣ್ಣೆ ಅಗಸೆಯ ತಂಗಿ. ಇದೂ ನನಗೆ ಗೊತ್ತಿತ್ತು.

ಆ ವರ್ಷ ಚುನಾವಣೆ. ಚುನಾವಣೆ ಬಂತೆಂದರೆ ಲೈಸೆನ್ಸಿನ ಬಂದೂಕುಗಳನ್ನು ಠಾಣೆಗೋ ನಮ್ಮಂಥ ಅಂಗಡಿಗೋ ಒಪ್ಪಿಸಬೇಕು. ಮತ ಎಣಿಕೆ ಮುಗಿದ ಮೇಲೆ ವಾಪಸು. ಹೋಳಿಹುಣ್ಣಿಮೆ ಕಳೆಯುವುದರೊಳಗೆ ಶಿರಹಟ್ಟಿ, ಮುಂಡರಗಿ ಕಡೆಯಿಂದ ಬಂದ ಬಂದೂಕುಗಳಿಂದ ನಮ್ಮ ಒಳಕೋಣೆ ತುಂಬಿತು. ನಿಲ್ಲಿಸಿಟ್ಟರೆ ಅರವತ್ತಕ್ಕೂ ಹೆಚ್ಚು. ಹಿಂದಿನ ಮಾಘದಲ್ಲಿ ನನ್ನ ಹೆಂಡತಿ ನೀಲವ್ವ ತೀರಿಹೋಗಿದ್ದಳು. ಮನೆಗೆ ಹೋಗಲು ಮನಸ್ಸಿರಲಿಲ್ಲ, ಹೋದರೆ ಮಾಡಲು ಏನೂ ಇರಲಿಲ್ಲ. ಹಗಲೆಲ್ಲ ಆ ಕೋಣೆಯಲ್ಲಿ ಕೂತು ಒಂದಾದ ಮೇಲೊಂದು ಬಂದೂಕು ಒರೆಸುತ್ತಿದ್ದೆ. ಅಷ್ಟೊಂದು ಕೆಲಸ ಸಿಕ್ಕಿದ್ದು ಒಳ್ಳೆಯದೇ ಆಯಿತು ಎಂದುಕೊಂಡಿದ್ದೆ.

ಬೆಳ್ಳಟ್ಟಿಯ ಫಕ್ಕೀರಪ್ಪ ಮತ್ತು ಅವನ ಹೆಂಡತಿ ಶಾಂತವ್ವ ಬಂದದ್ದು ಆ ದಿನಗಳಲ್ಲೇ. ಬಂದೂಕು ಒಪ್ಪಿಸಲು ಗಂಡಸರೇ ಬರುವುದು ವಾಡಿಕೆ. ಈಕೆ ಹಳೆಯ ದುಪಟಿಯಲ್ಲಿ ಸುತ್ತಿದ ಬಂದೂಕನ್ನು ತಾನೇ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬಂದಿದ್ದಳು, ಮಗಳನ್ನು ದವಾಖಾನೆಗೆ ಕರೆತಂದವರ ಹಾಗೆ. ಸಾಹುಕಾರರು ರಸೀದಿ ಬರೆಯುವಷ್ಟರಲ್ಲಿ ಚೀಲದಿಂದ ಒಂದು ಗಾಜಿನ ಬಾಟಲಿ ತೆಗೆದು ನನ್ನ ಮುಂದಿಟ್ಟಳು. ತುಂಬ ಕುಸುಬಿ ಎಣ್ಣೆ.

"ಅಣ್ಣಾರ, ಇದಕ್ಕ ಈ ಎಣ್ಣಿನ ಹಚ್ರಿ. ಡಬ್ಬಿ ಎಣ್ಣಿ ಬ್ಯಾಡ."

ನಾನು ನಕ್ಕೆ. "ತಂಗಿ, ಇದು ರೊಟ್ಟಿಗೆ ಹಾಕ್ಕೊಳ್ಳೂ ಎಣ್ಣಿ. ಬಂದೂಕಿಗಲ್ಲ."

"ಮಾನೌಮಿಗೆ ಜಗಲಿ ಮ್ಯಾಲ ಕುಂಡ್ರೂದ್ರಿ ಅದು. ಎಲ್ಲೀದೋ ಏನೋ ಎಣ್ಣಿ ಬಡದ ಕೊಟ್ರ ನಾ ಹೆಂಗ ಜಗಲಿ ಮ್ಯಾಲ ಇಡ್ಲಿ? ಇದು ನಮ್ಮ ಹೊಲದ ಕುಸುಬಿ. ನಾನ ಹಸನ ಮಾಡಿ ಗಾಣಕ್ಕ ಹಾಕ್ಸೇನಿ. ನಮ್ಮತ್ತಿನೂ ಇದನ್ನ ಹಚ್ಚತಿದ್ಲು."

ಫಕ್ಕೀರಪ್ಪ ಗೋಡೆಗೆ ಒರಗಿ ಮೀಸೆಯಲ್ಲೇ ನಗುತ್ತಿದ್ದ. "ಹೂಂ ಅಂದ್ಬಿಡ್ರಿ ಮಿಸ್ತ್ರಿ. ಇಲ್ಲಾಂದ್ರ ಬಂದೂಕ ವಾಪಸ್ ಒಯ್ತಾಳ, ಪೊಲೀಸರು ಬಂದ್ರ ನನ್ನ ಒಯ್ತಾರ."

ಅವರ ಮನೆಯಲ್ಲಿ ಹಿಂದಿನಿಂದ ನಡೆದದ್ದೇನೆಂದು ಬಂದೂಕು ನೋಡಿದಾಗಲೇ ತಿಳಿಯಿತು. ಅತ್ತೆ ಹಚ್ಚುತ್ತಿದ್ದದ್ದು ಹೊರಮೈಗೆ ಮಾತ್ರ, ಅರಿವೆಯಿಂದ. ನಳಿಗೆಯ ಮೇಲೆ ತೆಳ್ಳಗೆ ಒಣಗಿ ಕಂದು ಹೊಳಪು ಕೂತಿತ್ತು, ತುಕ್ಕಿನ ಸುಳಿವೇ ಇರಲಿಲ್ಲ. ಒಳಗೆ ಯಾರೂ ಬೆರಳಾಡಿಸಿರಲಿಲ್ಲ. ತಿಳಿಯದೆ ಮಾಡಿದ್ದರೂ ಆ ಹೆಂಗಸರು ಮಾಡಿದ್ದು ಸರಿಯಾಗಿತ್ತು.

ಮಧ್ಯಾಹ್ನವಾಗಿತ್ತು. ಶಾಂತವ್ವ ಬುತ್ತಿ ಬಿಚ್ಚಿದಳು. ಕೇಳದೆಯೇ ಎರಡು ಕಟಕ್ ರೊಟ್ಟಿ, ಹಿಂಡಿ ಎನ್ನುವ ಶೇಂಗಾ ಚಟ್ನಿಪುಡಿ ನನ್ನ ಕಡೆ ತಳ್ಳಿ, ಆ ಬಾಟಲಿಯಿಂದಲೇ ಹಿಂಡಿಯ ಮೇಲೆ ಎಣ್ಣೆ ಬಿಟ್ಟಳು. ನೀಲವ್ವ ಹೋದ ಮೇಲೆ ಯಾರೂ ನನಗೆ ಬಡಿಸಿರಲಿಲ್ಲ. ಮುಖ ಆ ಕಡೆ ತಿರುಗಿಸಿ ಕಣ್ಣೊರೆಸಿಕೊಂಡೆ. ಖಾರ ನೆತ್ತಿಗೇರಿತೆಂದು ತಿಳಿದು ಆಕೆ ನೀರು ಕೊಟ್ಟಳು. ಉಂಡಾದ ಮೇಲೆ ಬಾಟಲಿಯನ್ನು ಕಪಾಟಿನಲ್ಲಿಟ್ಟೆ.

"ಆತು ತಂಗಿ. ನಿಮ್ಮ ಎಣ್ಣಿನ ಹಚ್ಚತೇನಿ."

ಮುಂದಿನ ಎರಡು ತಿಂಗಳು ಆ ಎಣ್ಣೆಯನ್ನು ಮಧ್ಯಾಹ್ನದ ರೊಟ್ಟಿಗೆ ನಾನೇ ಹಾಕಿಕೊಂಡು ಉಂಡೆ. ಬಂದೂಕಿನ ಪಾಲು ಉಣ್ಣುತ್ತಿದ್ದೇನೆಂದು ನನ್ನಷ್ಟಕ್ಕೆ ನಗುತ್ತಿದ್ದೆ ಕೂಡ. ಅವರ ಬಂದೂಕಿಗೆ ಉಳಿದವುಗಳಿಗೆ ಹಾಕುವ ಎಣ್ಣೆಯನ್ನೇ ಹಾಕುತ್ತಿದ್ದೆ. ಹಾಗೆಯೇ ಉಳಿದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು.

ರೋಹಿಣಿ ಮಳೆ ಆ ವರ್ಷ ಮುಂಚೆಯೇ ಹಿಡಿಯಿತು. ಸುರಿದು ನಿಲ್ಲುವ ಮಳೆಯಲ್ಲ, ಜಿಟಿಜಿಟಿ. ಒಳಕೋಣೆಯ ಗೋಡೆ ಬೆವರಿತು. ಬೆಳಿಗ್ಗೆ ಬೀಗ ತೆಗೆದರೆ ಹಸಿ ಚೀಲದ ವಾಸನೆ. ಒಂದು ದಿನ ದೀಪ ಹಿಡಿದು ನೋಡುತ್ತೇನೆ, ಸಾಲಾಗಿ ನಿಂತ ಬಂದೂಕುಗಳ ಮೇಲೆ ಬೆರಳಿನ ಗುರುತು ಬಿದ್ದಲ್ಲೆಲ್ಲ ಕೆಂಪು ಚುಕ್ಕೆ. ಬಂದೂಕಿನ ಎಣ್ಣೆ ತಳ ಕಂಡಿತ್ತು. ಹುಬ್ಬಳ್ಳಿಯಿಂದ ಬರಬೇಕಾದ ಡಬ್ಬಿಗಳು ಬಂದಿರಲಿಲ್ಲ. ಸಾಹುಕಾರರು ದಿನಾ ಫೋನ್ ಮಾಡುತ್ತಿದ್ದರು, ಆ ಕಡೆಯವರು ದಿನಾ ನಾಳೆ ಎನ್ನುತ್ತಿದ್ದರು. ಓಣಿಯಿಂದ ಮಗ್ಗದ ಎಣ್ಣೆ ತಂದೆ. ಅದೂ ಐವತ್ತು ಬಂದೂಕಿಗೆ ಮುಗಿಯಿತು. ಕೊನೆಯ ಸಾಲಿನಲ್ಲಿ ಫಕ್ಕೀರಪ್ಪನದಿತ್ತು. ಕಪಾಟಿನಲ್ಲಿ ಶಾಂತವ್ವನ ಬಾಟಲಿಯಿತ್ತು, ಅರ್ಧ ತುಂಬಿ.

ಹೊರಮೈಗೆ ಹಚ್ಚಿದೆ. ಕೊಟ್ಟ ಮಾತನ್ನೂ ನಡೆಸಿದಂತಾಯಿತು ಎಂದುಕೊಂಡೆ. ಅಲ್ಲಿಗೆ ನಿಲ್ಲಿಸಬೇಕಿತ್ತು. ಆದರೆ ಬಂದೂಕನ್ನು ಬಿಚ್ಚಿ ನೋಡಿದಾಗ ಸೂಜಿಯ ತೂತಿನ ಸುತ್ತ ತುಕ್ಕಿನ ನೆರಳು ಕಂಡಿತು. ಕಾಡತೂಸಿನ ಬೆನ್ನಿಗೆ ಬಡಿದು ಅದನ್ನು ಹಾರಿಸುವುದು ಈ ಸೂಜಿಯೇ. ಹೊಡೆದ ಕೂಡಲೇ ಅದು ಹಿಂದಕ್ಕೆ ಸರಿಯಬೇಕು. ಸರಿಯದೆ ಮುಂದೆಯೇ ನಿಂತರೆ, ಇನ್ನೊಂದು ಕಾಡತೂಸು ತುಂಬಿ, ನಡುವೆ ಮಡಿಸಿ ಬಿಚ್ಚಿದ ಬಂದೂಕನ್ನು ಮುಚ್ಚುವಾಗಲೇ ಚುಚ್ಚಿಬಿಡಬಹುದು, ಬೆರಳು ಆಡಿಸುವುದೇ ಬೇಡ. ಇದನ್ನು ಊರಿಗೆಲ್ಲ ಹೇಳಿಕೊಟ್ಟ ನಾನು, ಕಡ್ಡಿಯ ತುದಿಯಿಂದ ಒಂದು ಹನಿ ಕುಸುಬಿ ಎಣ್ಣೆಯನ್ನು ಆ ತೂತಿಗೆ ಬಿಟ್ಟೆ. ಡಬ್ಬಿ ಬರಲಿ, ಕೊಡುವ ಮೊದಲು ಸೀಮೆಎಣ್ಣೆಯಲ್ಲಿ ತೊಳೆದರಾಯಿತು ಎಂದುಕೊಂಡೆ. ಒಂದೇ ಹನಿಯೇ ಎಂದರೆ, ಅಲ್ಲ. ಮರುದಿನ ಇನ್ನೊಂದು ಬಿಟ್ಟೆ.

ಮಿರಗದ ಮಳೆಯ ಹೊತ್ತಿಗೆ ಮತ ಎಣಿಕೆ ಮುಗಿದು ಆದೇಶ ಬಂತು. ಹೊಲದಲ್ಲಿ ಬಿತ್ತಿಗೆ ಶುರುವಾಗಿತ್ತು, ಎಲ್ಲರಿಗೂ ಅವಸರ. ಒಂದೇ ದಿನ ಇಪ್ಪತ್ತು ಮೂವತ್ತು ಜನ ಬಾಗಿಲಲ್ಲಿ. ಫಕ್ಕೀರಪ್ಪ ಒಬ್ಬನೇ ಬಂದಿದ್ದ. ನಾನು ಅವನ ಬಂದೂಕನ್ನು ತಂದು, ಖಾಲಿ ಕಾಡತೂಸು ಹಾಕಿ ಒಮ್ಮೆ ಹೊಡೆದು ನೋಡಿದೆ. ಬಿಚ್ಚಿದೆ. ಸೂಜಿ ಹಿಂದೆ ಸರಿಯಿತು. ಆದರೆ ಟಕ್ಕೆಂದು ಸರಿಯಲಿಲ್ಲ. ಒಮ್ಮೆ ರೆಪ್ಪೆ ಬಡಿಯುವಷ್ಟು ತಡ.

ನಾನು ಅದನ್ನು ಕಂಡೆ. ಕಾಣಲಿಲ್ಲ ಎಂದು ನನ್ನ ಮನಸ್ಸಿಗೆ ಎಷ್ಟೋ ಸಲ ಹೇಳಿ ನೋಡಿದ್ದೇನೆ, ಅದು ಒಪ್ಪಿಲ್ಲ.

"ಒಂದ ತಾಸ ಕುಂಡ್ರು ಫಕ್ಕೀರಪ್ಪ, ತೊಳದ ಕೊಡ್ತೇನಿ" ಎಂದೆ.

"ಬಸ್ ಹೋಕ್ಕೈತ್ರಿ ಮಿಸ್ತ್ರಿ. ಹೆಸರ ಬಿತ್ತಾಕ ಆಳ ಹಚ್ಚಿ ಬಂದೇನಿ. ಏನರ ಆಗೇತೇನ ಅದಕ್ಕ?"

ಹಿಂದೆ ಹತ್ತು ಜನ ರಸೀದಿ ಹಿಡಿದು ನಿಂತಿದ್ದರು. ಸಾಹುಕಾರರು ಒಳಗಿನಿಂದ "ಜಲ್ದಿ, ಜಲ್ದಿ" ಎನ್ನುತ್ತಿದ್ದರು.

"ಏನಿಲ್ಲ" ಎಂದೆ. "ಬಿಡುವಾದಾಗ ಒಮ್ಮೆ ತಗೊಂಡ ಬಾ."

"ಮಾನೌಮಿ ಮುಗದ ಮ್ಯಾಲ ತರ್ತೇನಿ" ಎಂದು ದುಪಟಿಯಲ್ಲಿ ಸುತ್ತಿಕೊಂಡು ಹೊರಟ. ಬಾಗಿಲಲ್ಲಿ ತಿರುಗಿ, "ನಮ್ಮಾಕಿ ಕೇಳ್ತಾಳ. ಎಣ್ಣಿ ಆಕೀದ ಹಚ್ಚೀರಿ ಹೌದಲ್ಲ?" ಎಂದ.

"ಹೌದಪಾ" ಎಂದೆ. ನಿಜವನ್ನೇ ಹೇಳಿದ್ದೆ.

ಶ್ರಾವಣದ ಕೊನೆಗೆ ಗೋವಿನಜೋಳ ತೆನೆಗಟ್ಟಿತ್ತು. ಒಂದು ಸಂಜೆ, ಇನ್ನೂ ಬೆಳಕಿದ್ದಾಗಲೇ, ಹಂದಿಗಳ ಹಿಂಡು ಫಕ್ಕೀರಪ್ಪನ ಹೊಲಕ್ಕೆ ನುಗ್ಗಿತು. ಅವನು ಬದುವಿನ ಮೇಲೆ ನಿಂತು ಆಕಾಶಕ್ಕೆ ಒಂದು ಹೊಡೆದ. ಹಂದಿ ಕದಲಿದವು, ಹೋಗಲಿಲ್ಲ. ಬಂದೂಕು ಬಿಚ್ಚಿ, ಸುಟ್ಟ ಕಾಡತೂಸು ತೆಗೆದು, ಇನ್ನೊಂದು ತುಂಬಿ ಮುಚ್ಚಿದ. ಮುಚ್ಚುತ್ತಲೇ ಹಾರಿತು. ನಳಿಗೆ ಕೆಳಗೆ ನೋಡುತ್ತಿತ್ತು. ಎಡಗಾಲಿನ ಪಾದ ಹೋಯಿತು. ಹುಬ್ಬಳ್ಳಿಯಲ್ಲಿ ಮೊಣಕಾಲ ಕೆಳಗೆ ಕತ್ತರಿಸಿದರು.

ಐದನೆಯ ದಿನ ಠಾಣೆಯಿಂದ ಒಬ್ಬ ಪೇದೆ ಬಂದೂಕು ತಂದ. "ಕೊನಿಗೆ ನೋಡಿದ ಮಿಸ್ತ್ರಿ ನೀವಂತಲ್ಲ. ಏನಾಗಿತ್ತು ಬರದ ಕೊಡ್ರಿ, ಸಾಹೇಬ್ರು ಹೇಳ್ಯಾರ" ಎಂದು ಬೆಂಚಿನ ಮೇಲೆ ಕೂತ. ನಾನು ಒಳಗೆ ಒಯ್ದು ಬಿಚ್ಚಿದೆ. ಸೂಜಿ ಮುಂದೆಯೇ ನಿಂತಿತ್ತು. ಉಗುರಿನಿಂದ ಕೆರೆದೆ. ಜೇನುಬಣ್ಣದ ಅಂಟು, ಉಗುರಿಗೆ ಮೆತ್ತಿಕೊಂಡು ಬಿಡಲೇ ಇಲ್ಲ. ಮೂಗಿಗೆ ಹಿಡಿಯಬೇಕಾದ ಅಗತ್ಯವಿರಲಿಲ್ಲ. ಆದರೂ ಹಿಡಿದೆ.

ಆಗ ಬರೆದ ಸಾಲುಗಳು ನನಗೆ ಬಾಯಿಪಾಠ. ಸೂಜಿ ಸಿಕ್ಕಿಕೊಂಡಿದ್ದರಿಂದ ಆಕಸ್ಮಿಕವಾಗಿ ಗುಂಡು ಹಾರಿದೆ. ಬಂದೂಕಿಗೆ ಮನೆಯ ಕುಸುಬಿ ಎಣ್ಣೆ ಹಾಕಿದ್ದರಿಂದ ಹೀಗಾಗಿದೆ. ಅದು ಈ ಕೆಲಸಕ್ಕೆ ತಕ್ಕುದಲ್ಲ. ಕೆಳಗೆ ನನ್ನ ಸಹಿ. ಅದರಲ್ಲಿ ಒಂದು ಅಕ್ಷರ ಸುಳ್ಳಿರಲಿಲ್ಲ. ಹಾಕಿದ್ದು ಯಾರು ಎಂದು ಬರೆಯಲಿಲ್ಲ, ಅಷ್ಟೇ. ಪೇದೆ ಓದಿಕೊಂಡು, "ಹಳ್ಳಿ ಮಂದಿ ನೋಡ್ರಿ, ಅಡಗಿ ಎಣ್ಣಿ ಹಾಕ್ಯಾವ" ಎಂದ. ನಾನು ಹೂಂ ಎನ್ನಲಿಲ್ಲ, ಉಹೂಂ ಎನ್ನಲೂ ಇಲ್ಲ.

ಯಾಕೆ ಹಾಗೆ ಮಾಡಿದೆ? ಅಂಗಡಿಯ ಲೈಸೆನ್ಸ್ ಹೋಗುತ್ತದೆ, ಸಾಹುಕಾರರು ಬೀದಿಗೆ ಬೀಳುತ್ತಾರೆ ಎಂದು ಆಗ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ನಾನು ಹೆದರಿದ್ದೆ. ಎಣ್ಣೆಯ ಬಗ್ಗೆ ಊರಿಗೆಲ್ಲ ಪಾಠ ಹೇಳಿದವನು ಇಂಥ ತಪ್ಪು ಮಾಡಿದ ಎಂದು ಜನ ಆಡಿಕೊಳ್ಳುವುದನ್ನು ನೆನೆದೇ ಬೆವರಿದ್ದೆ. ಒಬ್ಬ ಮನುಷ್ಯನ ಕಾಲು ಹೋಗಿತ್ತು, ನನಗೆ ನನ್ನ ಹೆಸರಿನ ಚಿಂತೆ.

ಮಾರನೆಯ ವಾರ ಹುಬ್ಬಳ್ಳಿಗೆ ಹೋದೆ. ಹೇಳಿಬಿಡಬೇಕೆಂದೇ ಹೋಗಿದ್ದೆ. ಫಕ್ಕೀರಪ್ಪ ಮದ್ದಿನ ಮಂಪರಿನಲ್ಲಿದ್ದ. ಶಾಂತವ್ವ ಮಂಚದ ಪಕ್ಕ ನೆಲದ ಮೇಲೆ ಕೂತಿದ್ದಳು. ನನ್ನನ್ನು ನೋಡಿದ್ದೇ ಎದ್ದು ಬಂದು ಎರಡೂ ಕೈ ಹಿಡಿದುಕೊಂಡಳು.

"ಅಣ್ಣಾರ, ನೀವ ಬ್ಯಾಡ ಅಂದಿದ್ರಿ. ರೊಟ್ಟಿಗೆ ಹಾಕೂ ಎಣ್ಣಿ ಅಂದಿದ್ರಿ. ನಾನ ಹಟಾ ಹಿಡದ್ನಿ. ಪೊಲೀಸರು ಓದಿ ಹೇಳಿದ್ರು. ನನ್ನ ಎಣ್ಣಿನ ಇವ್ರ ಕಾಲ ತಿಂತ್ರಿ."

ಬಾಯಿ ತೆರೆಯಲು ಅದಕ್ಕಿಂತ ಒಳ್ಳೆಯ ಹೊತ್ತು ಯಾರಿಗೂ ಸಿಕ್ಕಿರಲಾರದು. ಆಕೆಯ ಕೈ ಬಿಡಿಸಿಕೊಂಡು, "ದೇವರಿದ್ದಾನ, ತಂಗಿ" ಎಂದೆ. ತಂದಿದ್ದ ಮೋಸಂಬಿಯ ಚೀಲವನ್ನು ಕಿಟಕಿಯಲ್ಲಿಟ್ಟು ಬಂದುಬಿಟ್ಟೆ.

ಮಳೆಗಾಲ ಮುಗಿಯುವ ಮುಂಚೆ ಕೆಲಸ ಬಿಟ್ಟೆ. ಕೈ ನಡುಗುತ್ತದೆ ಎಂದು ಸಾಹುಕಾರರಿಗೆ ಹೇಳಿದೆ. ಫಕ್ಕೀರಪ್ಪನ ಲೈಸೆನ್ಸ್ ರದ್ದಾಯಿತೆಂದು ಕೇಳಿದೆ. ಮುಂದೆ ಬೆಳ್ಳಟ್ಟಿಯ ಖಬರು ಯಾರ ಹತ್ತಿರವೂ ಕೇಳಲಿಲ್ಲ. ಆರು ವರ್ಷ ಕಳೆದವು.

ಲಕ್ಷ್ಮೇಶ್ವರದಿಂದ ತೊಯ್ದು ಬಂದವನಿಗೆ ಎರಡು ದಿನ ಜ್ವರ. ಎದ್ದ ಮೇಲೆ, ಶಿರಹಟ್ಟಿಯಲ್ಲಿ ಬಸ್ಸು ಬದಲಿಸಿ ಬೆಳ್ಳಟ್ಟಿಗೆ ಹೋದೆ. ಫಕ್ಕೀರಪ್ಪ ಕಟ್ಟೆಯ ಮೇಲೆ ಕೂತು ಹಗ್ಗ ಹೊಸೆಯುತ್ತಿದ್ದ. ಹೊಲ ಈಗ ತಮ್ಮ ನೋಡಿಕೊಳ್ಳುತ್ತಾನಂತೆ. ಮರದ ಕಾಲನ್ನು ಬಿಚ್ಚಿ ಪಕ್ಕಕ್ಕಿಟ್ಟಿದ್ದ, ಚಪ್ಪಲಿ ಬಿಟ್ಟ ಹಾಗೆ. ನನ್ನನ್ನು ಗುರುತಿಸಲು ಸ್ವಲ್ಪ ಹೊತ್ತು ಬೇಕಾಯಿತು. ಗುರುತಿಸಿದ ಮೇಲೆ ಮುಖ ಅರಳಿತು.

"ಲೇ ಶಾಂತವ್ವಾ, ಗದಗಿನ ಮಿಸ್ತ್ರಿ ಬಂದಾರ ನೋಡ! ಬರ್ರಿ, ಕುಂಡ್ರಿ. ಎಷ್ಟ ಸೊರಗೀರಿ."

ಆಕೆ ಬಂದಳು. ಕೂದಲು ಬೆಳ್ಳಗಾಗಿತ್ತು. "ಅಣ್ಣಾರ" ಎಂದಳು, ನೀರು ಕೊಟ್ಟಳು, ಮತ್ತೇನೂ ಕೇಳದೆ ರೊಟ್ಟಿ ಬಡಿಯಲು ಒಳಗೆ ಹೋದಳು. ತಟ್ಟೆ ಬಂತು. ಹಿಂಡಿ ಒಣದಾಗಿಯೇ ಇತ್ತು, ಮೇಲೆ ಎಣ್ಣೆ ಬಿಟ್ಟಿರಲಿಲ್ಲ. ಫಕ್ಕೀರಪ್ಪ ಮೆಲ್ಲಗೆ ಹೇಳಿದ, "ಕುಸುಬಿ ಬಿಟ್ಟಾಳ್ರಿ. ಹೊಲದಾಗೂ ಬಿತ್ತಗೊಡೂದಿಲ್ಲ. ಪಾಕೀಟ್ ಎಣ್ಣ್ಯಾಗ ಅಡಗಿ ಮಾಡ್ತಾಳ, ತನ್ನ ಹಿಂಡಿಗೆ ಅದನ್ನೂ ಹಾಕ್ಕೊಳ್ಳೂದಿಲ್ಲ. ಓಣ್ಯಾಗ ಮಂದಿ ಒಂದೆರಡ ವರ್ಷ ಅಂದ್ರು, ಹೆಂಡ್ತಿ ಎಣ್ಣಿ ಗಂಡನ ಕಾಲ ತಿಂತು ಅಂತ. ಅವ್ರು ಮರತಾರ. ಈಕಿ ಮರೀವಲ್ಲಳು. ನಾ ಎಷ್ಟ ಹೇಳಿದ್ರೂ ಅಷ್ಟ."

ರೊಟ್ಟಿ ಮುರಿದ ಕೈ ಬಾಯಿಗೆ ಹೋಗಲಿಲ್ಲ. ಶಾಂತವ್ವ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಳು. ಅವಳನ್ನೇ ನೋಡಿ ಹೇಳಿದೆ. ಅರ್ಧ ಎಣ್ಣೆ ನಾನೇ ಉಂಡದ್ದು, ಡಬ್ಬಿ ಮುಗಿದದ್ದು, ತೂತಿಗೆ ಎರಡು ಹನಿ ಬಿಟ್ಟದ್ದು, ಸೂಜಿ ತಡವಾಗಿ ಸರಿದದ್ದನ್ನು ಕಂಡೂ ಕೊಟ್ಟದ್ದು, ಕಾಗದದಲ್ಲಿ ನನ್ನ ಹೆಸರು ಬಿಟ್ಟದ್ದು. "ನಿಮ್ಮತ್ತಿ ಹೊರಗಷ್ಟ ಹಚ್ಚಿದ್ಲು ತಂಗಿ, ಅದಕ್ಕೇನೂ ಆಗ್ತಿರಲಿಲ್ಲ. ಒಳಗ ಹಾಕಿದಾಂವ ನಾನು. ಹಾಕಬಾರದಂತ ಗೊತ್ತಿದ್ದೂ ಹಾಕಿದೆ."

ಫಕ್ಕೀರಪ್ಪ ಹೊಸೆಯುತ್ತಿದ್ದ ಹಗ್ಗವನ್ನು ಕೆಳಗಿಟ್ಟ. ನನ್ನ ಕಡೆ ನೋಡಲೇ ಇಲ್ಲ.

"ಕೇಳಿದೇನ? ನಿಂದಲ್ಲಂತ" ಎಂದ ಹೆಂಡತಿಗೆ. ಕಟ್ಟೆಗೆ ಕೈಯೂರಿ ಆಕೆಯ ಕಡೆ ತಿರುಗಿದ. "ನಿಂದಲ್ಲಂತ, ಕೇಳಿಲ್ಲೆ?"

ಶಾಂತವ್ವ ನನ್ನನ್ನೇ ನೋಡುತ್ತಿದ್ದಳು. "ದವಾಖಾನ್ಯಾಗ ನಿಮ್ಮ ಕೈ ಹಿಡದಿದ್ನಿ ನಾನು" ಎಂದಳು.

"ಹೌದು."

"ಅವತ್ತ ನಿಮಗ ಗೊತ್ತಿತ್ತು."

"ಗೊತ್ತಿತ್ತು."

ಆಕೆ ಒಳಗೆ ಹೋದಳು. ಅಳುವ ಸದ್ದು ಬರಬಹುದೆಂದು ಕಾದೆ, ಬರಲಿಲ್ಲ. ಫಕ್ಕೀರಪ್ಪ ಹಗ್ಗವನ್ನು ಮತ್ತೆ ಕೈಗೆತ್ತಿಕೊಂಡು, "ಉಣ್ರಿ" ಎಂದ. ನಾನು ಉಣ್ಣಲಿಲ್ಲ. ಕೈ ತೊಳೆದುಕೊಂಡು ಎದ್ದೆ. "ಕಾಲ ಹೋದದ್ದು ನನಗ ರೂಢಿ ಆಗೇತ್ರಿ" ಎಂದ ಅವನು, ಈಗಲೂ ನನ್ನ ಮುಖ ನೋಡದೆ. "ಆದ್ರ ಆಕೀದು ಆರ ವರ್ಷ."

ಅಂಗಳ ದಾಟುವಾಗ ಹಿಂದಿನಿಂದ ಹೆಜ್ಜೆಯ ಸದ್ದಾಯಿತು. ಶಾಂತವ್ವ. ಕೈಯಲ್ಲಿ ಒಂದು ಗಾಜಿನ ಬಾಟಲಿ, ಧೂಳು ಹಿಡಿದದ್ದು. ಬಂದೂಕು ಕೊಟ್ಟ ದಿನ ಉಳಿದ ಎಣ್ಣೆಯ ಸಮೇತ ನಾನೇ ಫಕ್ಕೀರಪ್ಪನ ಚೀಲಕ್ಕೆ ಹಾಕಿ ಕಳಿಸಿದ್ದ ಬಾಟಲಿ. ಬದಿಗೆಲ್ಲ ಎಣ್ಣೆ ಸೋರಿ ಕಂದಾಗಿ ಗಟ್ಟಿಯಾಗಿತ್ತು.

"ಒಗೀಲಿಲ್ಲ ನಾನು" ಎಂದಳು. "ಮಾನೌಮಿಗೆ ಬಂದೂಕ ಇಡೂ ಜಾಗಾದಾಗ ಇದನ್ನ ಇಟ್ಟ ದೇವ್ರ ಕಡೆ ತಪ್ಪ ಕೇಳ್ತಿದ್ನಿ. ಇನ್ನ ನೀವ ಇಟ್ಕೊರ್ರಿ, ಮಿಸ್ತ್ರಿ."

ಅಣ್ಣಾರ ಎನ್ನಲಿಲ್ಲ. ತಿರುಗಿ ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು.

ಶಿರಹಟ್ಟಿಯ ತನಕ ಬಾಟಲಿಯನ್ನು ತೊಡೆಯ ಮೇಲಿಟ್ಟುಕೊಂಡು ಬಂದೆ. ಮಳೆ ಇರಲಿಲ್ಲ, ಮೋಡವಿತ್ತು. ಮುಚ್ಚಳ ತಿರುಗಿಸಿ ನೋಡಿದೆ. ಎಣ್ಣೆ ಒಣಗಿ ಮುಚ್ಚಳ ಬಾಯಿಗೆ ಅಂಟಿಕೊಂಡುಬಿಟ್ಟಿತ್ತು, ಅಲುಗಲಿಲ್ಲ. ಈಗ ಅದು ಬೆಟಗೇರಿಯ ನನ್ನ ಕೋಣೆಯ ಜಗಲಿಯ ಮೇಲೆ, ನೀಲವ್ವನ ಫೋಟೋದ ಪಕ್ಕದಲ್ಲಿದೆ. ಇಂಥ ಅಂಟನ್ನು ಬಿಡಿಸುವುದು ನನಗೇನೂ ಕಷ್ಟವಲ್ಲ, ನಾಲ್ಕು ಹನಿ ಸೀಮೆಎಣ್ಣೆ ಬಿಟ್ಟು ಒಂದು ದಿನ ಕಾದರೆ ಸಾಕು. ದಿನಾ ಬೆಳಿಗ್ಗೆ ದೀಪ ಹಚ್ಚುವಾಗ ಅದನ್ನು ನೋಡುತ್ತೇನೆ. ಒಂದು ಹನಿಯೂ ಬಿಟ್ಟಿಲ್ಲ.